ಕವಲಿನ ಕಸ

ಹೊಳೆದಂಡೆಯ ಮಠದಲ್ಲಿ ಕಸ ಗುಡಿಸುವುದು ನಿರುಪಾದಿಯ ಸೇವೆ. ಕಸ ಕಂಡರೆ ಅವನಿಗೆ ತಡೆಯುತ್ತಿರಲಿಲ್ಲ. ಬೆಳಗಾದರೆ ಸಾಕು, ಪಡಸಾಲೆಯಲ್ಲಿ ಮಲಗಿದ ಯಾತ್ರಿಕರನ್ನೂ “ಏಳ್ರಿ, ಕಸಾ ಹೊಡೀಬೇಕು” ಎಂದು ಎಬ್ಬಿಸಿಬಿಡುತ್ತಿದ್ದ.

ಹೊಳೆಗೆ ಪೂರ ಬಂದು, ನೆರೆ ಇಳಿದ ಮೇಲೆ ದಂಡೆಯ ಮೆಟ್ಟಿಲು ಗುಡಿಸುವಾಗ ಮಾತ್ರ ಅವನ ಕಸಬರಿಗೆ ನಿಂತುಬಿಡುತ್ತಿತ್ತು. ಮಠದವರು ಚುರುಮುರಿ ಹಾಕಿ ಸಾಕಿದ ದೇವರ ಮೀನುಗಳ ಮರಿಗಳು, ಸೆಳವಿಗೆ ಸಿಕ್ಕು, ಕಲ್ಲಿಗೆ ಬಡಿದು ಅಲ್ಲಿ ಸತ್ತುಬಿದ್ದಿರುತ್ತಿದ್ದವು.

“ಇವನ್ನ ಹೆಂಗ ಉಳಿಸೋದ್ರಿ, ಅಜ್ಜಾರ?” ಎಂದು ಗುರುಗಳನ್ನು ಕೇಳಿದ.

“ಮೆಟ್ಟಿಲು ಕಟ್ಟುವಾಗ ಪಕ್ಕದ ಹೊಳಿ ಕವಲಿಗೆ ಮಣ್ಣು ತುಂಬಿದ್ವಿ. ಮೊದಲೆಲ್ಲ ಪೂರ ಬಂದಾಗ ಮರಿ ಅಲ್ಲಿ ಹೋಗಿ ಇರ್ತಿದ್ವು. ಆ ಮಣ್ಣು ತೆಗಿ.”

ಬೇಸಿಗೆಯೆಲ್ಲ ನಿರುಪಾದಿ ಅಗೆದ. ಕವಲಿಗೆ ನೀರು ಹರಿಯಿತು. ಅಷ್ಟಕ್ಕೇ ಬಿಟ್ಟಾನೆಯೇ? ಬೇರು ಕಡಿದ, ಕೊಳೆತ ದಿಮ್ಮಿ ಎತ್ತಿ ಎಸೆದ, ಒಂದೆಲೆಯೂ ಉಳಿಯದಂತೆ ಬಳಿದ. ಕವಲು ಮಠದ ಅಂಗಳದ ಹಾಗೆ ಲಕಲಕ ಎಂದಿತು.

ಮೊದಲ ಮಳೆಗೆ ಮರಿಗಳು ಈ ಕಡೆಯಿಂದ ಬಂದವು, ಆ ಕಡೆಯಿಂದ ಹೊರಟೇಹೋದವು. ಒಂದೂ ನಿಲ್ಲಲಿಲ್ಲ.

ನಿರುಪಾದಿಗೆ ತಲೆಯೇ ಓಡಲಿಲ್ಲ. “ನೀರು ಐತಿ, ಕಸ ಇಲ್ಲ. ಇನ್ನೇನು ಬೇಕ್ರಿ ಅವಕ್ಕ?”

ಗುರುಗಳು ಮುರಿದು ಬಿದ್ದಿದ್ದ ಅತ್ತಿಯ ಕೊಂಬೆಯೊಂದನ್ನು ದರದರ ಎಳೆತಂದು ಕವಲಿಗೆ ನೂಕಿದರು.

ಅವರು ಆಚೆ ಹೋದದ್ದೇ ತಡ, ನಿರುಪಾದಿ ಅದನ್ನೆತ್ತಿ ದಡಕ್ಕೆ ಹಾಕಿದ. ಗುರುಗಳು ಬಂದು ಮತ್ತೆ ನೂಕಿದರು.

“ಅಜ್ಜಾರ, ಇದು ಬರೇ ಕಸಾರೀ!” ಅವನಿಗೆ ಅಳುವೇ ಬಂತು.

“ಯಾರಿಗೆ?”

ದೂರದ ಗುಡ್ಡದಲ್ಲಿ ಗುಡುಗಿತು. ಈ ಸಲವೂ ಮರಿಗಳು ಸತ್ತರೆ? ಅರ್ಥವಾಗದಿದ್ದರೂ ಹೆದರಿಕೆಗೆ ತಾನೂ ಕೈಜೋಡಿಸಿದ. ಎಸೆದಿದ್ದ ದಿಮ್ಮಿ, ಬೇರುಗಳೆಲ್ಲ ಕವಲಿಗೆ ಮರಳಿದವು.

ಪೂರ ಬಂತು. ಇಳಿಯಿತು.

ಮೆಟ್ಟಿಲ ಮೇಲೆ ಕೆಸರಿತ್ತು, ಎಲೆಗಳಿದ್ದವು. ಸತ್ತ ಮರಿಗಳಿರಲಿಲ್ಲ.

ನಿರುಪಾದಿ ಕವಲಿಗೆ ಓಡಿ ಬಗ್ಗಿ ನೋಡಿದ. ಕೊಂಬೆಯ ಕೆಳಗೆ, ಸೆಳವಿಲ್ಲದ ನೀರಿನಲ್ಲಿ, ಮರಿಗಳು ಬಾಲ ಅಲುಗಿಸುತ್ತ ಒತ್ತೊತ್ತಾಗಿ ನಿಂತಿದ್ದವು. ಅವನ ಕಣ್ಣು ತುಂಬಿತು.

ಆದರೆ ಕೊಂಬೆಯ ತುಂಬ ಹುಲ್ಲು, ತರಗೆಲೆ ರಾಶಿರಾಶಿಯಾಗಿ ತೊಡರಿಕೊಂಡಿತ್ತು. ಕೈ ಸುಮ್ಮನಿರಲಿಲ್ಲ, ಕಸಬರಿಗೆ ಎತ್ತಿದ.

“ಮ್ಯಾಲಿಂದಷ್ಟರ ಬಳೀಲೇನ್ರಿ, ಅಜ್ಜಾರ?”

ಹಿಂದೆಯೇ ಬಂದಿದ್ದ ಗುರುಗಳು ಕೊಂಬೆಯ ಕೆಳಗೆ ನೋಡುತ್ತ ತುಟಿಯ ಮೇಲೆ ಬೆರಳಿಟ್ಟರು.

“ಮೆಲ್ಲಗ ಮಾತಾಡು. ಒಳಗ ಮಂದಿ ಮಲಗ್ಯಾರ.”