ಹರಿಗೋಲು ನಡೆಸುವವರನ್ನು ಯಾರೂ ಕೇಳಲಿಲ್ಲ

"ಗುರುಗಳೇ, ಹದಿನಾರು ಹದಿನೇಳು ವರ್ಷದ ಮಕ್ಕಳಿಗೆ ಲಸಿಕೆ ಕೊಡಬೇಕೋ, ಬೇಡವೋ?"

ಕೇಳಿದವನು ಅಡಿವೆಪ್ಪ. ಗುರುಗಳ ಹಳೆಯ ಶಿಷ್ಯ. ಈಗ ಒಂದು ಪದವಿಪೂರ್ವ ಕಾಲೇಜಿನ ಪ್ರಾಂಶುಪಾಲ. ಮಹಾಮಾರಿ ಇನ್ನೂ ಊರು ಬಿಟ್ಟಿರಲಿಲ್ಲ. ಇಬ್ಬರೂ ಜಗಲಿಯ ಎರಡು ತುದಿಗಳಲ್ಲಿ ದೂರ ದೂರ ಕೂತಿದ್ದರು.

"ದೊಡ್ಡವರಿಗೆಲ್ಲ ಆಗಿದೆ," ಎಂದು ಅಡಿವೆಪ್ಪ ಮುಂದುವರಿಸಿದ. "ಉಪನ್ಯಾಸಕರಿಗೆ, ಅಡುಗೆಯವರಿಗೆ, ಕಾವಲುಗಾರನಿಗೆ, ನನಗೆ. ಈಗ ಲಸಿಕೆಗೆ ಕೊರತೆಯಿಲ್ಲ. ಈ ವಯಸ್ಸಿನವರಿಗೂ ಕೊಡಬಹುದು ಎಂದು ವೈದ್ಯರು ಹೇಳಿದ್ದಾರೆ. ನಮ್ಮ ಆಡಳಿತ ಮಂಡಳಿಯಲ್ಲೇ ಒಮ್ಮತವಿಲ್ಲ. ಹುಡುಗರಿಗೆ ರೋಗ ಬಂದರೂ ನೆಗಡಿಯ ಹಾಗೆ ಬಂದು ಹೋಗುತ್ತದೆ ಎನ್ನುತ್ತಾರೆ ಕೆಲವರು. ಸೂಜಿ ಚುಚ್ಚಿಸಿಕೊಂಡರೆ ಜ್ವರ ಬರುತ್ತದೆ, ಪರೀಕ್ಷೆ ಹತ್ತಿರವಿದೆ ಎನ್ನುತ್ತಾರೆ ಇನ್ನು ಕೆಲವರು. ಸಭೆಯ ಮೇಲೆ ಸಭೆ ಆಗುತ್ತಿದೆ. ಚಹಾ ಖಾಲಿಯಾಗುತ್ತಿದೆ. ತೀರ್ಮಾನ ಮಾತ್ರ ಆಗುತ್ತಿಲ್ಲ."

"ಚಹಾ ಚೆನ್ನಾಗಿರುತ್ತದೆಯೇ?" ಎಂದರು ಗುರುಗಳು.

"ಅದೊಂದು ಚೆನ್ನಾಗಿರುತ್ತದೆ."

"ಹಾಗಾದರೆ ಸಭೆ ಬೇಗ ಮುಗಿಯುವುದಿಲ್ಲ. ಒಂದು ಕತೆ ಹೇಳುತ್ತೇನೆ, ಕೇಳು."

ಗುರುಗಳು ಹೇಳಿದ ಕತೆ ಇದು.

ಹರಿಗೋಲಿಗೆ ಕಾಲಿಡುವ ಪ್ರತಿಯೊಬ್ಬರನ್ನೂ "ಬುರುಡೆ ಬೇಕೆ?" ಎಂದು ಕೇಳಬೇಕು. ಬೇಕು ಎಂದರೆ ಸೊಂಟಕ್ಕೆ ಕಟ್ಟಬೇಕು. ಬೇಡ ಎಂದರೆ ಬಿಡಬೇಕು. ಕೇಳದೆ ಮಾತ್ರ ಹರಿಗೋಲಿನ ಹಗ್ಗ ಬಿಚ್ಚಬಾರದು. ಇದು ಒಂದು ಹೊಳೆದಂಡೆಯ ಊರಿನ ನಿಯಮ. ಆ ಊರಿನವರೆಲ್ಲರೂ ಈ ನಿಯಮವನ್ನು ಮುರಿದರು. ಮುರಿದಿದ್ದೇವೆ ಎಂದು ಒಬ್ಬರಿಗೂ ತಿಳಿದಿರಲಿಲ್ಲ.

ಬುರುಡೆ ಎಂದರೆ ಒಣಗಿಸಿದ ಸೋರೆಬುರುಡೆ. ಒಳಗೆ ಗಾಳಿ ಬಿಟ್ಟರೆ ಏನೂ ಇಲ್ಲ. ಕಟ್ಟಿಕೊಂಡವನು ನೀರಿಗೆ ಬಿದ್ದರೂ ತೇಲುತ್ತಾನೆ. ಊರಿನ ಪ್ರತಿ ಮನೆಯ ಮಾಡಿನ ಮೇಲೂ ಬುರುಡೆಗಳು ಒಣಗುತ್ತಿದ್ದವು.

ನಿಯಮಕ್ಕೆ ಕಾರಣವಿತ್ತು. ಹರಿಗೋಲು ಬುಟ್ಟಿಯ ಹಾಗೆ ದುಂಡಗಿರುತ್ತದೆ. ಸುಳಿಗೆ ಸಿಕ್ಕರೆ ಗಿರಗಿರನೆ ತಿರುಗುತ್ತದೆ. ಒಬ್ಬ ನೀರಿಗೆ ಬಿದ್ದರೆ ಪಕ್ಕದವನ ಕಾಲು ಹಿಡಿಯುತ್ತಾನೆ. ಅವನು ಇನ್ನೊಬ್ಬನ ಕಚ್ಚೆ ಹಿಡಿಯುತ್ತಾನೆ. ಹೊಳೆಯಲ್ಲಿ ಯಾರೂ ಒಬ್ಬರೇ ಮುಳುಗುವುದಿಲ್ಲ. ಆದ್ದರಿಂದ ಕೇಳುವುದು ಉಪಚಾರದ ಮಾತಾಗಿರಲಿಲ್ಲ, ಕರ್ತವ್ಯವಾಗಿತ್ತು.

ಅದೇ ಊರಿನಲ್ಲಿ ಒಂದು ಸಂಪ್ರದಾಯವೂ ಇತ್ತು. ಮಕ್ಕಳು ಬುರುಡೆ ಕಟ್ಟಿಕೊಂಡೇ ಈಜು ಕಲಿಯುತ್ತಿದ್ದರು. ಬೆಳೆದು ಒಂದು ದಿನ ಬುರುಡೆಯಿಲ್ಲದೆ ಹೊಳೆ ದಾಟಿದರೆ ಮನೆಯವರು ಆ ಬುರುಡೆಯನ್ನು ದಂಡೆಯ ಕಲ್ಲಿಗೆ ಒಡೆಯುತ್ತಿದ್ದರು. ನೆರೆಮನೆಗಳಿಗೆ ಹೋಳಿಗೆ ಹಂಚುತ್ತಿದ್ದರು. ಅಂದಿನಿಂದ ಆ ಹುಡುಗನನ್ನಾಗಲಿ ಹುಡುಗಿಯನ್ನಾಗಲಿ "ಬುರುಡೆ ಬೇಕೆ?" ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಿದರೆ "ನಿನಗೆ ಈಜು ಬರುವುದಿಲ್ಲ" ಎಂದು ಹೀಯಾಳಿಸಿದ ಹಾಗೆ. ಮದುವೆಯಾಗಿ, ಮಕ್ಕಳಾಗಿ, ಮಂಡಿ ನೋಯತೊಡಗಿದ ಮೇಲೆ ಮತ್ತೆ ಕೇಳಿದರೆ ಅದು ಮರ್ಯಾದೆ.

ಹೀಗೆ ಚಿಕ್ಕವರನ್ನು ಕೇಳುತ್ತಿದ್ದರು. ಅವರ ಪರವಾಗಿ ತಾಯಂದಿರು ಹೂಂ ಎನ್ನುತ್ತಿದ್ದರು. ದೊಡ್ಡವರನ್ನೂ ಕೇಳುತ್ತಿದ್ದರು. ನಡುವಿನವರನ್ನು ಬಿಟ್ಟರು. ಆ ಊರಿನ ಹರಿಗೋಲುಗಳನ್ನು ನಡೆಸುತ್ತಿದ್ದವರೇ ಆ ನಡುವಿನವರು. ಅವರ ರಟ್ಟೆಗಳಲ್ಲಿ ಬಲವಿತ್ತು. ಹುಟ್ಟು ಹಿಡಿದು ದಿನವಿಡೀ ನೀರಿನ ಮೇಲೆ ಇರುತ್ತಿದ್ದವರನ್ನು ಮಾತ್ರ ಯಾರೂ ಕೇಳುತ್ತಿರಲಿಲ್ಲ.

ಒಂದು ವರ್ಷ ಹೊಳೆ ತುಂಬಿತು. ತುಂಬಿದ್ದು ಇಳಿಯಲಿಲ್ಲ. ಮೇಲಿನ ಊರುಗಳಲ್ಲಿ ಹರಿಗೋಲುಗಳು ಮಗುಚಿದ ಸುದ್ದಿ ಬಂತು. ಊರಿನ ದೊಡ್ಡವರು ಒಂದರ ಬದಲು ಎರಡೆರಡು ಬುರುಡೆ ಕಟ್ಟಿಕೊಂಡರು. ಆಗ ಯಾರೋ ಕೇಳಿದರು: "ನಮ್ಮ ಹುಡುಗರ ಗತಿ ಏನು?"

ಬೇವಿನ ಕಟ್ಟೆಯ ಮೇಲೆ ಸಭೆ ಸೇರಿತು. ಆಚೆ ದಂಡೆಯ ಹಿರಿಯರನ್ನೂ ಕರೆಸಿದರು. ಅವರು ಹರಿಗೋಲಿನಲ್ಲಿ ಬಂದರು. ಹುಡುಗರೇ ಅವರನ್ನು ತುಂಬಿದ ಹೊಳೆ ದಾಟಿಸಿ ಕರೆತಂದರು, ಸಂಜೆ ದಾಟಿಸಿ ಬಿಟ್ಟುಬಂದರು. ಹುಡುಗರಿಗೆ ಬುರುಡೆ ಬೇಕೋ ಬೇಡವೋ ಎಂಬ ಚರ್ಚೆ ಮಾತ್ರ ಮರುದಿನಕ್ಕೆ ಹೋಯಿತು.

ಸಭೆಯಲ್ಲಿ ಹರಿಗೋಲುಗಳ ಉಸ್ತುವಾರಿ ನೋಡುತ್ತಿದ್ದ ದಂಡೆಯ ಯಜಮಾನ ಮೊದಲು ಮಾತಾಡಿದ. "ಹೊಳೆ ಇವರನ್ನು ಏನೂ ಮಾಡುವುದಿಲ್ಲ. ಇವರು ಮನುಷ್ಯರಲ್ಲ, ಮೀನುಗಳು. ನನ್ನ ಮಗಳನ್ನೇ ನೋಡಿ. ನೀರಿಗೆ ಬಿದ್ದರೆ ನೀರೇ ಹೆದರಬೇಕು."

ಒಬ್ಬ ವ್ಯಾಪಾರಿ ಎದ್ದು ನಿಂತ. "ಬುರುಡೆ ಕಟ್ಟಿದರೆ ಹಗ್ಗ ಸೊಂಟವನ್ನು ಉಜ್ಜುತ್ತದೆ. ಎರಡು ದಿನ ಉರಿಯುತ್ತದೆ. ಎಳೆಯ ಮೈ. ಸುಮ್ಮನೆ ಯಾಕೆ ಈ ಹಿಂಸೆ?"

ಹೀಗೆ ಹೇಳಿದವನ ಸೊಂಟದಲ್ಲಿ ಎರಡು ಬುರುಡೆಗಳಿದ್ದವು.

"ಕಟ್ಟೆಯ ಮೇಲೆ ಹೊಳೆ ಹತ್ತಿ ಬರುವುದಿಲ್ಲ ಕಣಪ್ಪಾ, ಅವನ್ನು ಬಿಚ್ಚಿಡು," ಎಂದ ಪಕ್ಕದವನು.

"ಇರಲಿ ಬಿಡಪ್ಪಾ. ಒರಗಿಕೊಳ್ಳುವುದಕ್ಕೆ ಚೆನ್ನಾಗಿದೆ."

ಒಬ್ಬ ರೈತ ಹೇಳಿದ: "ಕೆಳಗಿನ ಊರಿನ ಮುದುಕರಿಗೆ ಬುರುಡೆಯೇ ಇಲ್ಲವಂತೆ. ಮೊದಲು ಅವರಿಗೆ ಕಳಿಸೋಣ." ಇದು ತೂಕದ ಮಾತು. ಎಲ್ಲರೂ ತಲೆದೂಗಿದರು. ಆದರೆ ಯಾರೂ ಎದ್ದು ಕಳಿಸಲಿಲ್ಲ. ಬುರುಡೆಗಳು ಮಾಡಿನ ಮೇಲೆಯೇ ಇದ್ದವು. ಅವರಿಗೂ ಸಿಗಲಿಲ್ಲ, ಇವರಿಗೂ ಸಿಗಲಿಲ್ಲ.

ಇಲ್ಲಿ ಅಡಿವೆಪ್ಪ ತಡೆದು ಕೇಳಿದ: "ಹಗ್ಗ ಉಜ್ಜುವುದು ನಿಜವೇ, ಗುರುಗಳೇ?"

"ನಿಜ. ಉಜ್ಜುತ್ತದೆ, ಉರಿಯುತ್ತದೆ, ಎರಡು ದಿನದಲ್ಲಿ ಮಾಯುತ್ತದೆ. ಎಲ್ಲೋ ಒಬ್ಬರಿಗೆ ಹುಣ್ಣಾಗಿ ಮದ್ದು ಹಚ್ಚಬೇಕಾಗುತ್ತದೆ. ಅದನ್ನು ಮುಚ್ಚಿಡುವುದು ತಪ್ಪು. ಅದನ್ನೇ ಮುಂದಿಟ್ಟುಕೊಂಡು ಮುಳುಗುವ ಮಾತನ್ನು ಮುಚ್ಚಿಡುವುದೂ ತಪ್ಪು. ಮುಂದೆ ಕೇಳು."

ಸಭೆ ಇನ್ನೂ ನಡೆಯುತ್ತಿದ್ದ ಒಂದು ಬೆಳಿಗ್ಗೆ ಒಬ್ಬ ಹೆಂಗಸು ದಂಡೆಗೆ ಓಡಿಬಂದಳು. ಅವಳ ಒಬ್ಬಳೇ ಮಗಳನ್ನು ಆಚೆ ದಂಡೆಗೆ ಕೊಟ್ಟಿದ್ದರು. ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಬರಬೇಕಾಗಿದ್ದವಳು ಹೊಳೆ ತುಂಬಿದ್ದರಿಂದ ಅಲ್ಲೇ ಉಳಿದಿದ್ದಳು. ಅವಳಿಗೆ ನೋವು ಕಾಣಿಸಿಕೊಂಡಿದೆ, ಅವ್ವ ಬರಲಿ ಎಂದು ಹಟ ಹಿಡಿದಿದ್ದಾಳೆ ಎಂದು ಸುದ್ದಿ ಬಂದಿತ್ತು. ತಾಯಿಯ ಕೈಯಲ್ಲಿ ಬಾಣಂತಿಗೆ ತಿನ್ನಿಸುವ ಅಂಟಿನುಂಡೆಯ ಗಂಟಿತ್ತು. ಸೆರಗು ಒಂದು ಕಡೆ, ಚಪ್ಪಲಿ ಇನ್ನೊಂದು ಕಡೆ.

ಯಜಮಾನ ಸಭೆಯಿಂದ ಎದ್ದು ಬಂದ. ಹರಿಗೋಲು ಸಿದ್ಧವಿತ್ತು. ಒಂದು ಹುಟ್ಟು ಯಜಮಾನನ ಮಗಳ ಕೈಯಲ್ಲಿತ್ತು. ಇನ್ನೊಂದು ಅವನ ತಂಗಿಯ ಮಗನ ಕೈಯಲ್ಲಿತ್ತು. ಇಬ್ಬರಿಗೂ ಹದಿನೇಳು.

"ಬುರುಡೆ ಬೇಕೇನಕ್ಕಾ?" ಎಂದು ಯಜಮಾನ ನಿಯಮದಂತೆ ಕೇಳಿದ.

"ಬೇಕು ತಮ್ಮಾ. ಬೇಗ ಕಟ್ಟು."

ಕಟ್ಟಿದ. ಹರಿಗೋಲಿನ ಕಡೆ ಕೈ ತೋರಿಸಿದ. ಅವಳು ಹತ್ತಲಿಲ್ಲ.

"ಇವರನ್ನು ಕೇಳಿದೆಯಾ?"

"ಯಾರನ್ನು? ಇವರನ್ನೇ? ಇವರಿಗೆ ಈಜು ಬರುತ್ತದೆ."

"ಈಜು ಬರುತ್ತದೆಯೇ ಎಂದು ನಾನು ಕೇಳಲಿಲ್ಲ. ಇವರನ್ನು ಕೇಳಿದೆಯಾ ಎಂದು ಕೇಳಿದೆ."

"ಅಕ್ಕಾ, ಅದೇ ವಿಷಯಕ್ಕೆ ಅಲ್ಲಿ ಸಭೆ ನಡೆಯುತ್ತಿದೆ. ತೀರ್ಮಾನ ಆದಮೇಲೆ ಕೇಳುತ್ತೇವೆ."

"ಕೇಳುವುದಕ್ಕೂ ತೀರ್ಮಾನ ಬೇಕೆ?"

ಹೀಗೆ ಹೇಳಿ ಅವಳು ಅಂಟಿನುಂಡೆಯ ಗಂಟನ್ನು ಮಡಿಲಲ್ಲಿ ಇಟ್ಟುಕೊಂಡು ದಂಡೆಯ ಕೆಸರಿನಲ್ಲಿ ಕೂತುಬಿಟ್ಟಳು.

ಸಭೆಗೆ ಸಭೆಯೇ ಎದ್ದು ಬಂತು. "ಏಳವ್ವಾ, ಇದು ಹಟ ಮಾಡುವ ಹೊತ್ತೇ?" ಎಂದ ರೈತ. "ಇವಳಿಗೇನು ಹುಚ್ಚೇ?" ಎಂದ ವ್ಯಾಪಾರಿ. ಅವಳು ಹೊಳೆಯ ಕಡೆ ನೋಡುತ್ತಿದ್ದಳು. ಏಳಲಿಲ್ಲ.

ಯಜಮಾನ ತಲೆ ಚಚ್ಚಿಕೊಂಡ. "ಅಕ್ಕಾ, ಅಲ್ಲಿ ನಿನ್ನ ಮಗಳು ನೋವು ತಿನ್ನುತ್ತಿದ್ದಾಳೆ!"

"ಗೊತ್ತು. ಇಲ್ಲಿ ನಿನ್ನ ಮಗಳು ನಿಂತಿದ್ದಾಳೆ. ನನ್ನ ಮಗಳಿಗೋಸ್ಕರ ನಿನ್ನ ಮಗಳನ್ನು ಕೇಳದೆ ಹೊಳೆಗೆ ಇಳಿಸಲಾರೆ. ಬಾಯಿ ಬಿಟ್ಟು ಕೇಳು ತಮ್ಮಾ. ತಡ ಮಾಡುತ್ತಿರುವವಳು ನಾನಲ್ಲ."

ಯಜಮಾನ ಮಗಳ ಕಡೆ ತಿರುಗಿದ. ಅವಳು ಈಜಿ ಹೊಳೆ ದಾಟಿದ ದಿನ ದಂಡೆಯ ಕಲ್ಲಿಗೆ ಅವಳ ಬುರುಡೆ ಒಡೆದವನು ಅವನೇ. ಊರಿಗೆಲ್ಲ ಹೋಳಿಗೆ ಹಂಚಿದವನೂ ಅವನೇ. ಈಗ ಎಲ್ಲರ ಮುಂದೆ ಕೇಳಬೇಕು. ಅವನು ಕೆಮ್ಮಿದ. ಆಕಾಶ ನೋಡಿದ. ಸಣ್ಣ ದನಿಯಲ್ಲಿ ಏನೋ ಗೊಣಗಿದ.

"ಏನಪ್ಪಾ? ಹೊಳೆಯ ಸದ್ದಿನಲ್ಲಿ ಕೇಳಿಸಲಿಲ್ಲ," ಎಂದಳು ಮಗಳು. ಅವಳಿಗೆ ಕೇಳಿಸಿತ್ತು.

"ಬುರುಡೆ ಬೇಕೇನವ್ವಾ?" ಎಂದು ಯಜಮಾನ ಕೂಗಿದ. ಆಚೆ ದಂಡೆಯವರೂ ತಿರುಗಿ ನೋಡುವ ಹಾಗೆ ಕೂಗಿದ.

"ಹಗ್ಗ ಉಜ್ಜುತ್ತದಂತಲ್ಲ, ನಿಜವೇ?"

"ನಿಜ. ಎರಡು ದಿನ ಉರಿಯುತ್ತದೆ. ನನಗೂ ಉರಿದಿತ್ತು."

"ಸುಳಿ?"

ಯಜಮಾನ ನಡುಹೊಳೆಯ ಕಡೆ ನೋಡಿದ. ಆಮೇಲೆ ಹೇಳಿದ: "ಸುಳಿ ಮೀನನ್ನೂ ಎಳೆಯುತ್ತದೆ. ನಾನೇ ನೋಡಿದ್ದೇನೆ."

"ಹಾಗಾದರೆ ಬೇಕು. ಕೆಳಗೆ ಒಂದು ಬಟ್ಟೆ ಸುತ್ತಿ ಕಟ್ಟು."

ಅವನು ಕಟ್ಟಿದ. ಗಂಟು ಸರಿಯಾಗಿದೆಯೇ ಎಂದು ಎಳೆದು ನೋಡಿದ. ಮತ್ತೊಮ್ಮೆ ಎಳೆದು ನೋಡಿದ.

"ಅಪ್ಪಾ, ನಾನು ಹೊಳೆ ದಾಟಬೇಕು. ನನ್ನನ್ನು ಗೂಟಕ್ಕೆ ಕಟ್ಟುತ್ತಿಲ್ಲ ನೀನು."

ತಂಗಿಯ ಮಗನನ್ನು ಕೇಳುವ ಮೊದಲೇ ಅವನು ಸೊಂಟ ಮುಂದೆ ಮಾಡಿ ನಿಂತಿದ್ದ. ಯಜಮಾನ ಬಿಡಲಿಲ್ಲ. ನಿಯಮ ನಿಯಮವೇ. "ಬುರುಡೆ ಬೇಕೇನೋ?"

"ಬೇಕು ಮಾವಾ. ಹೊಳೆ ತುಂಬಿದ ದಿನದಿಂದ ಬೇಕಾಗಿತ್ತು. ಕೇಳಿದರೆ ಇವಳು ನಗುತ್ತಾಳೆ ಎಂದು ಸುಮ್ಮನಿದ್ದೆ."

"ನೀನು ನಗುತ್ತೀಯ ಎಂದು ನಾನು ಸುಮ್ಮನಿದ್ದೆನಲ್ಲೋ!" ಎಂದಳು ಅವಳು.

ಇಬ್ಬರೂ ನಕ್ಕರು. ದಂಡೆಯ ಮೇಲಿದ್ದ ಬೇರೆ ಹುಡುಗರೂ ನಕ್ಕರು. ವ್ಯಾಪಾರಿ ನಗಲಿಲ್ಲ. ತನ್ನ ಎರಡು ಬುರುಡೆಗಳಲ್ಲಿ ಒಂದನ್ನು ಬಿಚ್ಚಿ ಯಜಮಾನನ ಕೈಗೆ ಕೊಟ್ಟ. ಅದು ಹುಡುಗನ ಸೊಂಟಕ್ಕೆ ಹೋಯಿತು. ರೈತ ಏಣಿ ತಂದು ತನ್ನ ಮನೆಯ ಮಾಡು ಹತ್ತಿದ. ಕೆಳಗಿನ ಊರಿಗೆ ಬುರುಡೆ ಕಳಿಸುವ ಕೆಲಸ ಆ ಹೊತ್ತಿನಲ್ಲಿ ಶುರುವಾಯಿತು.

ಹೆಂಗಸು ಎದ್ದಳು. ಕೆಸರು ಕೊಡವಲಿಲ್ಲ. ಹರಿಗೋಲು ಹತ್ತಿದಳು. ನಡುಹೊಳೆಯಲ್ಲಿ ಸುಳಿ ಹಿಡಿಯಿತು. ಹರಿಗೋಲು ತಿರುಗಿತು. ಯಾರೂ ಬೀಳಲಿಲ್ಲ. ಆಚೆ ದಂಡೆಯಲ್ಲಿ ಇಳಿದು ಅವಳು ಓಡಿದಳು. ಮಗಳ ಕೈ ಹಿಡಿದಳು. ಮಧ್ಯಾಹ್ನದ ಹೊತ್ತಿಗೆ ಮೊಮ್ಮಗಳು ಹುಟ್ಟಿದಳು. ಹುಟ್ಟು ಹಾಕಿ ದಣಿದ ಇಬ್ಬರಿಗೂ ಬಾಣಂತಿಗಿಂತ ಮೊದಲೇ ಅಂಟಿನುಂಡೆ ಸಿಕ್ಕಿತು.

ಗುರುಗಳು ಕತೆ ನಿಲ್ಲಿಸಿದರು.

ಅಡಿವೆಪ್ಪನ ಮುಖ ಅರಳಿತ್ತು. ಮರುಕ್ಷಣ ಹುಬ್ಬು ಗಂಟಿಕ್ಕಿತು. ಪ್ರಾಂಶುಪಾಲನಿಗೆ ಸಮಾಧಾನ ಅಷ್ಟು ಬೇಗ ಆಗುವುದಿಲ್ಲ.

"ಯಾರೂ ಬೀಳಲಿಲ್ಲ ಎಂದಿರಿ. ಹಾಗಾದರೆ ಬುರುಡೆ ಕಟ್ಟಿದ್ದು ದಂಡವಾಯಿತಲ್ಲ?"

"ಅವತ್ತು ಬೀಳಲಿಲ್ಲ. ಹೊಳೆ ಮರುದಿನವೂ ತುಂಬಿಯೇ ಇತ್ತು."

"ಸರಿ, ಒಪ್ಪಿದೆ," ಎಂದ ಅಡಿವೆಪ್ಪ. "ಕೊನೆಯದೊಂದು ಸಂಶಯ. ಎಲ್ಲ ವ್ಯವಸ್ಥೆ ಮಾಡುತ್ತೇವೆ, ವೈದ್ಯರನ್ನು ಕರೆಸುತ್ತೇವೆ, ಒಳ್ಳೆಯದು ಕೆಟ್ಟದ್ದು ಎರಡನ್ನೂ ಬಿಡಿಸಿ ಹೇಳುತ್ತೇವೆ. ಇಷ್ಟೆಲ್ಲ ಆದಮೇಲೆ ನಮ್ಮ ಹುಡುಗರು ಏನನ್ನುತ್ತಾರೆ ಗುರುಗಳೇ, ಬೇಕು ಎನ್ನುತ್ತಾರೋ, ಬೇಡ ಎನ್ನುತ್ತಾರೋ?"

ಗುರುಗಳು ಅವನನ್ನು ನೋಡಿ ನಕ್ಕರು.

"ನೋಡು ಅಡಿವೆಪ್ಪಾ, ಅದನ್ನೂ ನೀನು ನನ್ನನ್ನೇ ಕೇಳುತ್ತಿದ್ದೀಯ."