ಒಂದೇ ಕಪ್ಪಿನಲ್ಲಿ ಮೂರು ಡಾರ್ಜಿಲಿಂಗ್

ಮೈಸೂರಿನಲ್ಲಿ ವರದರಾಜಯ್ಯ ಅಂತ ಒಬ್ಬರು ನಿವೃತ್ತ ಜಡ್ಜ್ ಸಾಹೇಬರು. ಅವರ ಮಗಳು ಡಾರ್ಜಿಲಿಂಗ್‌ನಿಂದ ಮೂರು ಪೊಟ್ಟಣ ಟೀ ಕಳಿಸಿದ್ದಳು. ವಸಂತದಲ್ಲಿ ಕಿತ್ತ ಎಲೆಗೆ ಹೂವಿನ ಘಮ. ಬೇಸಿಗೆಯದಕ್ಕೆ ದ್ರಾಕ್ಷಿಯ ರುಚಿ. ಮಳೆಗಾಲದ್ದು ಕಡುಬಣ್ಣದ್ದು, ಬಲು ಖಡಕ್ಕು.

ಸಾಹೇಬರು ಅಡುಗೆಯ ಚೌಡಮ್ಮನನ್ನು ಕರೆದರು. "ಸಂಜೆ ಸ್ನೇಹಿತರು ಬರ್ತಾರೆ. ಈ ಮೂರೂ ರುಚಿ ಒಂದೇ ಕಪ್ಪಿನಲ್ಲಿ ಕುಡಿಸ್ತೀನಿ ಅಂತ ಹೇಳಿಬಿಟ್ಟಿದ್ದೀನಿ. ನಿನ್ನ ಕೈಲಿ ಆಗದಿದ್ದರೆ ನಾಳೆಯಿಂದ ಬರಬೇಡ."

ಚೌಡಮ್ಮ ಮೂರನ್ನೂ ಬೆರೆಸಿ ಕುದಿನೀರು ಹಾಕಿ ನೋಡಿದಳು. ಮಳೆಗಾಲದ ಖಡಕ್ಕು ಹೂವಿನ ಘಮವನ್ನು ನುಂಗಿಹಾಕಿತು.

ಸಂಜೆ ಅವಳು ಎಲ್ಲರಿಗೂ ಮೊದಲು ವಸಂತದ ಟೀ ಕೊಟ್ಟಳು. ಅದು ಮುಗಿದ ಮೇಲೆ ಅದೇ ಕಪ್ಪುಗಳಿಗೆ ಬೇಸಿಗೆಯದನ್ನು ಬಗ್ಗಿಸಿದಳು, ಕೊನೆಗೆ ಮಳೆಗಾಲದ್ದನ್ನು.

ಸಾಹೇಬರು ಹುಬ್ಬು ಗಂಟಿಕ್ಕಿದರು. "ನಾನು ಹೇಳಿದ್ದು ಒಂದೇ ಕಪ್ಪಿನಲ್ಲಿ."

"ಕಪ್ಪು ನಾನು ಬದಲಾಯಿಸಲೇ ಇಲ್ವಲ್ಲ, ಸ್ವಾಮಿ. ವಸಂತ, ಬೇಸಿಗೆ, ಮಳೆ ಎಲ್ಲಾ ಒಂದೇ ದಿನ ಬಂದ್ರೆ ಯಾವ ಗಿಡ ತಡ್ಕೊಳ್ಳುತ್ತೆ? ಒಂದಾದ ಮೇಲೊಂದು ಬಂದ್ರೇ ಚೆಂದ."

ಸ್ನೇಹಿತರು ಗೊಳ್ಳೆಂದು ನಕ್ಕರು. ಸಾಹೇಬರು ತೀರ್ಪು ಓದುವವರಂತೆ ಗಂಟಲು ಸರಿಮಾಡಿಕೊಂಡರು. ಆಮೇಲೆ ಖಾಲಿ ಕಪ್ಪನ್ನು ಅವಳತ್ತ ಚಾಚಿ ಮೆಲ್ಲಗೆ ಕೇಳಿದರು:

"ಚೌಡಮ್ಮ, ವಸಂತ ಇನ್ನೊಂದು ಸಲ ಬರಬಹುದಾ?"