ಪದುಮಲೆಯ ಪಥ್ಯ

“ಎಳವಟ್ಟಿ ನಾಡಿನವರೆಲ್ಲ ಕೇಳಿ. ಜ್ವರ ಬಂದು ಮಲಗಿರುವ ರಾಜಕುಮಾರಿ ಪದುಮಲೆಯ ಮೂರು ಒಗಟು ಬಿಡಿಸಿದವನಿಗೆ ಅವಳನ್ನೇ ಕೊಟ್ಟು ಮದುವೆ, ಜೊತೆಗೆ ಅರ್ಧ ರಾಜ್ಯ. ತಪ್ಪಿದವನಿಗೆ ಅಮಾವಾಸ್ಯೆಯಂದು ತಲೆದಂಡ.”

ಹೀಗೆ ಡಂಗುರ ಸಾರಿಸಿದವನು ಅವಳ ಚಿಕ್ಕಪ್ಪ ಸೋವರಸ. ತನ್ನ ರೋಗ ಅರಿತವನನ್ನು ಹುಡುಕಲು ಪದುಮಲೆಯೇ ಕಟ್ಟಿದ ಒಗಟುಗಳು ಅವು, ತಲೆದಂಡದ ಮಾತು ಅವನದು. ಕಳ್ಳ ವೈದ್ಯರು ಬಾರದಿರಲಿ ಎಂದು ಸೇರಿಸಿದೆ ಎಂದಿದ್ದ. ಅವಳು ನಂಬಿದ್ದಳು. ಆರನೇ ವರ್ಷದಲ್ಲಿ ತಂದೆತಾಯಿಯನ್ನು ಕಳೆದುಕೊಂಡ ಅವಳನ್ನು ಸಾಕಿದವನೂ ರಾಜ್ಯ ನೋಡಿಕೊಂಡವನೂ ಅವನೇ. ಅವಳಿಗೆ ಪಟ್ಟ ಕಟ್ಟಬೇಕಿದ್ದ ತಿಂಗಳಲ್ಲೇ ಜ್ವರ ಬಂತು. ಮೂರು ಹೊತ್ತೂ ಅವಳ ತಲೆಯನ್ನು ತೋಳಿಗೆ ಒರಗಿಸಿಕೊಂಡು ಅಕ್ಕಿಗಂಜಿಯ ತಿಳಿ ಕುಡಿಸುತ್ತಿದ್ದ. ಎರಡು ತಿಂಗಳಾಗುವಷ್ಟರಲ್ಲಿ ಅವಳು ಕೈ ಎತ್ತಿದರೆ ಬಳೆಗಳು ಮೊಣಕೈಗೆ ಜಾರುತ್ತಿದ್ದವು.

ಮೊದಲು ಒಬ್ಬ ಸಾಮಂತನ ಮಗ ಬಂದ. ಸೌದೆ ಹಾಕದಿದ್ದರೂ ಆರದ ಒಲೆ ಯಾವುದು, ಅದು ಏನನ್ನು ಸುಡುತ್ತದೆ ಎಂದು ಪದುಮಲೆ ಕೇಳಿದಳು. ಸೂರ್ಯ ಎಂದ. ಸೆರೆಗೆ ಹೋದ. ಆಮೇಲೆ ಬಂದ ಪಂಡಿತ ಅದು ಜ್ವರ, ಸುಡುವುದು ಮೈಯನ್ನೇ ಎಂದು ಸರಿಯಾಗಿಯೇ ಹೇಳಿದ. ಹೊಟ್ಟೆ ತುಂಬಿಸಿಯೂ ಮೈ ತುಂಬಿಸದ್ದು ಯಾವುದು ಎಂಬ ಎರಡನೆಯದಕ್ಕೆ ಆಸೆ ಎಂದು ಸೋತ.

ಮೂರನೆಯವನು ಕಂಬಳಿ ನೇಯುವ ಮಾಳಿಂಗ. ಹಾಸಿಗೆಯ ಬಳಿ ಬಂದು ಕೈಮುಗಿದ.

“ಮೊದಲನೆಯದು ಜ್ವರ, ಅಮ್ಮಣ್ಣಿ. ತಿನ್ನಲು ಬೇರೆ ಸಿಗದಿದ್ದರೆ ಮೈಯ ಮಾಂಸವನ್ನೇ ತಿನ್ನುತ್ತದೆ. ನಮ್ಮವ್ವನ ತೋಳಿನಲ್ಲಿ ನೋಡಿದ್ದೀನಿ,” ಎಂದ. ಎರಡನೆಯದಕ್ಕೆ ಹಾಸಿಗೆಯ ಪಕ್ಕದ ಬಟ್ಟಲನ್ನು ತೋರಿಸಿ, ಗಂಜಿಯ ತಿಳಿ ಎಂದ.

ಪದುಮಲೆ ಮೆಲ್ಲಗೆ ಮೂರನೆಯದನ್ನು ಕೇಳಿದಳು. ಅದರ ಉತ್ತರ ಅವಳಿಗೂ ಗೊತ್ತಿರಲಿಲ್ಲ. “ಯಾವುದಕ್ಕೂ ಕೊರತೆಯಿಲ್ಲದ ಈ ಮನೆಯಲ್ಲಿ ನನಗೊಬ್ಬಳಿಗೇ ಇಲ್ಲದ್ದು ಏನು?”

“ಹುರುಳಿಕಟ್ಟು, ಹಾಲು, ಬೇಯಿಸಿದ ಮೊಟ್ಟೆ. ಕರಗಿದ ಮಾಂಸವನ್ನು ಮತ್ತೆ ಕಟ್ಟುವ ಸತ್ವ ಅವುಗಳಲ್ಲಿದೆ, ತಿಳಿಯಲ್ಲಿ ಇಲ್ಲ. ಅವ್ವನಿಗೆ ನಲವತ್ತು ದಿನ ಚೂರುಚೂರೇ ಕೊಟ್ಟೆ. ಈಗ ಕುರಿ ಕಾಯ್ತಾಳೆ.”

ತಪ್ಪು ಎಂದು ಸೋವರಸ ಭಟರನ್ನು ಕರೆದ. ಆಗ ಮುದುಕ ರಾಜವೈದ್ಯ ಅಗ್ಗಳಯ್ಯ ಎದ್ದು ನಿಂತ. ಮೊದಲ ವಾರವೇ ತಾನು ಇದೇ ಪಥ್ಯ ಹೇಳಿದ್ದೆ ಎಂದ. ಕೊಟ್ಟದ್ದನ್ನೆಲ್ಲ ರಾಜಕುಮಾರಿ ವಾಂತಿ ಮಾಡಿಕೊಳ್ಳುತ್ತಾಳೆ, ಅದಕ್ಕೇ ನಿಲ್ಲಿಸಿದೆ ಎಂದು ಸೋವರಸ ಪ್ರಭುಗಳು ಹೇಳಿದ್ದರಂತೆ.

ಪದುಮಲೆ ಒಂದು ದಿನವೂ ವಾಂತಿ ಮಾಡಿಕೊಂಡಿರಲಿಲ್ಲ. ಹುರುಳಿಕಟ್ಟಿನ ವಾಸನೆಯೂ ಅವಳ ಹತ್ತಿರ ಸುಳಿದಿರಲಿಲ್ಲ.

“ಚಿಕ್ಕಪ್ಪ, ವೈದ್ಯರು ಸುಳ್ಳು ಹೇಳುತ್ತಿದ್ದಾರೆ ಅನ್ನಿ. ನಾನು ನಂಬುತ್ತೇನೆ,” ಎಂದಳು.

ಅವನು ತಲೆ ತಗ್ಗಿಸಿದ. ಅಷ್ಟೊಂದು ಮಾತು ಬಲ್ಲವನಿಗೆ ಆ ಒಂದು ಸುಳ್ಳು ಬರಲಿಲ್ಲ.

ಸೆರೆಯಲ್ಲಿದ್ದ ಇಬ್ಬರನ್ನೂ ಅವಳು ಅಂದೇ ಬಿಡಿಸಿದಳು. ಮಾಳಿಂಗ ಹೇಳಿದಂತೆ ಉಂಡು, ಮೂರು ತಿಂಗಳಿಗೆ ತಾನೇ ನಡೆದುಹೋಗಿ ಸಿಂಹಾಸನ ಏರಿದಳು. ಅರ್ಧ ರಾಜ್ಯ ಅವನದಾಯಿತು, ಮದುವೆಯೂ ಆಯಿತು. ಚಿಕ್ಕಪ್ಪನನ್ನು ಕೊಲ್ಲಿಸಲು ಅವಳಿಗೆ ಮನಸ್ಸಾಗಲಿಲ್ಲ, ಗಡಿಪಾರು ಮಾಡಿದಳು. ಹೊರಡುವಾಗ ಅವನು ಅಂಗಳದಲ್ಲಿ ನಿಂತು “ಮಗಳೇ” ಎಂದು ಕರೆದ. ಪದುಮಲೆ ಹೊರಗೆ ಬರಲಿಲ್ಲ. ಆ ದನಿಗೆ ಕಾಲು ತಾನಾಗಿಯೇ ಎದ್ದು ಹೊರಟಿತ್ತು. ಬಾಗಿಲ ಚಿಲಕ ಹಿಡಿದು ನಿಂತು, ಬಂಡಿಯ ಸದ್ದು ಅಡಗುವ ತನಕ ಅತ್ತಳು.